ಅಪ್ಪನೊಬ್ಬನೇ ಹೆತ್ತ ಮರ

ಅರ್ಧ ಅಪ್ಪನದು, ಅರ್ಧ ಅಮ್ಮನದು. ಗಿಡವಾಗಲಿ, ಹಸುವಾಗಲಿ, ಮನುಷ್ಯರಾಗಲಿ, ಹುಟ್ಟಿನ ಲೆಕ್ಕ ಇದೇ ಎಂದು ಹೈಸ್ಕೂಲಿನಲ್ಲಿ ಓದಿದವರು ನಾವು. ಸಹರಾ ಮರುಭೂಮಿಯಲ್ಲಿ ನಿಂತಿರುವ ಒಂದು ಮರ ಈ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ! ಅದರ ಬೀಜವನ್ನು ಒಡೆದು, ಒಳಗಿನ ಭ್ರೂಣವನ್ನು ಬಿಡಿಸಿ ಪರೀಕ್ಷಿಸಿದರೆ ತಾಯಿಯ ಪಾಲು ಕಾಣುವುದಿಲ್ಲ. ಇರುವುದೆಲ್ಲ ಅಪ್ಪನದೇ. ಗಾಳಿಯಲ್ಲಿ ತೇಲಿಬಂದ ಪರಾಗದ ಒಂದು ಕಣ ತಾನೇ ಭ್ರೂಣವಾಗಿ ಬೆಳೆಯುತ್ತದೆ. ತಾಯಿ ಮರ ಒಡಲಲ್ಲಿ ಜಾಗ ಕೊಟ್ಟು ಉಣಿಸುತ್ತದೆ, ಅಷ್ಟೇ.

ಆ ಮರದ ಹೆಸರು ತಾರೂತ್. ಅಲ್ಜೀರಿಯಾದ ಆಗ್ನೇಯದಲ್ಲಿ ತಸ್ಸಿಲಿ ನಜ್ಜೇರ್ ಎಂಬ ಬಂಡೆಗಲ್ಲಿನ ಪ್ರಸ್ಥಭೂಮಿಯಿದೆ. ಅಲ್ಲಿನ ತುವಾರೆಗ್ ಜನ ಇಟ್ಟ ಹೆಸರಿದು. 1924ರಲ್ಲಿ ಫ್ರೆಂಚ್ ಸೇನೆಯ ಕ್ಯಾಪ್ಟನ್ ಡುಪ್ರೆ ಇದರ ಸುದ್ದಿ ತಿಳಿಸಿದರು, 1926ರಲ್ಲಿ ಸಸ್ಯವಿಜ್ಞಾನಿ ಏಮೆ ಕಾಮು ಇದಕ್ಕೆ ಕ್ಯುಪ್ರೆಸಸ್ ಡುಪ್ರೆಜಿಯಾನ ಎಂದು ಹೆಸರಿಟ್ಟರು. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 30 ಮಿಲಿಮೀಟರ್. ಆಗುಂಬೆಯಲ್ಲಿ ಮುಂಗಾರಿನ ಒಂದು ಮಧ್ಯಾಹ್ನಕ್ಕೆ ಅಷ್ಟು ಸುರಿದುಬಿಡುತ್ತದೆ. ಅದೇ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಜನ ಬರೆದ ಚಿತ್ರಗಳಲ್ಲಿ ದನದ ಹಿಂಡುಗಳಿವೆ, ಜಿರಾಫೆಗಳಿವೆ, ನೀರಾನೆಯೂ ಇದೆ. ಸಹರಾ ಹಸಿರಾಗಿದ್ದ ಕಾಲದ ಸಾಕ್ಷಿ ಅದು. ಹಸಿರು ಹೋಯಿತು, ದನಗಾಹಿಗಳು ಹೋದರು, ನೀರಾನೆ ಹೋಯಿತು. ತಾರೂತ್ ಮಾತ್ರ ಒಣಗಿದ ಹಳ್ಳಗಳ ತಳದಲ್ಲಿ ಬೇರಿಳಿಸಿ ಉಳಿದುಕೊಂಡಿತು. ಎಣಿಸಿದಾಗ ಸಿಕ್ಕ ಮರಗಳು 233. ಕೆಲವಕ್ಕೆ ಎರಡು ಸಾವಿರ ವರ್ಷ ವಯಸ್ಸಿರಬಹುದೆಂದು ಅಂದಾಜು.

ಈ ಮರದ ಬೀಜಗಳಲ್ಲಿ ಬಹುಪಾಲು ಜಳ್ಳು. ಭ್ರೂಣವಿರುವ ಬೀಜ ಸಿಗುವುದೇ ಕಷ್ಟ. 1990ರ ದಶಕದಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಕ್ರಿಸ್ಟಿಯಾನ್ ಪಿಶೋ, ಮೊಹಮದ್ ಎಲ್ ಮಾತೌವಿ ಮತ್ತು ಸಂಗಡಿಗರು ಈ ಬೀಜಗಳನ್ನು ಕೈಗೆತ್ತಿಕೊಂಡರು. ಕಿಣ್ವಗಳನ್ನು ಜೆಲ್ ಮೇಲೆ ಹರಿಸಿ ಪಟ್ಟೆಪಟ್ಟೆಯಾಗಿ ಬಿಡಿಸುವ ಒಂದು ಪರೀಕ್ಷೆಯಿದೆ. ತಾಯಿಯಿಂದ ಬಂದದ್ದು ಒಂದು ಪಟ್ಟೆ, ತಂದೆಯಿಂದ ಬಂದದ್ದು ಇನ್ನೊಂದು ಪಟ್ಟೆ ಮೂಡಬೇಕು. ಭ್ರೂಣಗಳಲ್ಲಿ ತಾಯಿ ಮರದ ಪಟ್ಟೆ ಮೂಡಲೇ ಇಲ್ಲ! ಇಂಥ ಫಲಿತಾಂಶ ಬಂದರೆ ಪ್ರಯೋಗದಲ್ಲೇ ಏನೋ ತಪ್ಪಾಗಿದೆ ಎಂದು ಬದಿಗಿಡುವವರೇ ಹೆಚ್ಚು. ಇವರು ಬದಿಗಿಡಲಿಲ್ಲ. ಪರಾಗದ ಕಡೆಗೆ ತಿರುಗಿದರು.

ಪರಾಗವೆಂದರೆ ಅರ್ಧ ಕಂತೆ ವರ್ಣತಂತು ಹೊತ್ತ ಕಣ. ಉಳಿದರ್ಧ ಅಂಡದಲ್ಲಿರುತ್ತದೆ, ಎರಡೂ ಕೂಡಿದಾಗ ಪೂರ್ತಿ ಜೀವವಾಗುತ್ತದೆ. ತಾರೂತಿನ ಪರಾಗದಲ್ಲಿ ಡಿಎನ್‌ಎ ಎಷ್ಟಿದೆ ಎಂದು ಅಳೆದರೆ ಅರ್ಧವಲ್ಲ, ಪೂರ್ತಿ ಕಂತೆಯೇ ಇದೆ! ಪರಾಗ ಹುಟ್ಟುವಾಗ ಆಗಬೇಕಾದ ಇಬ್ಭಾಗ ಇಲ್ಲಿ ಆಗುವುದೇ ಇಲ್ಲ. ಒಂದೊಂದು ಕಣವೂ ಇಡೀ ಮರವಾಗಬಲ್ಲ ಸರಕನ್ನು ಹೊತ್ತೇ ಹೊರಡುತ್ತದೆ. ಹಾಗಾದರೆ ಈ ಕಣಕ್ಕೆ ತಾಯಿ ಎಂದು ತನ್ನ ಜಾತಿಯ ಮರವೇ ಬೇಕೆ, ಬೇರೆ ಜಾತಿಯಾದರೂ ನಡೆದೀತೆ?

ಈ ಪ್ರಶ್ನೆಗೆ ಸಿಕ್ಕ ಉತ್ತರವೇ ನನ್ನ ಮಟ್ಟಿಗೆ ಸಸ್ಯವಿಜ್ಞಾನದ ಅತಿ ಸೋಜಿಗದ ಪುಟ. ತಾರೂತಿನ ಪರಾಗವನ್ನು ಮೆಡಿಟರೇನಿಯನ್ ಸೀಮೆಯ ಸಾಮಾನ್ಯ ಸೈಪ್ರೆಸ್ ಮರದ ಹೆಣ್ಣು ಶಂಕುಗಳಿಗೆ ಹಾಕಿದರು. ಸೈಪ್ರೆಸ್ಸಿನ ಒಡಲಲ್ಲಿ ಬೀಜ ಕಟ್ಟಿತು, ಬೀಜ ಮೊಳೆಯಿತು. ಆ ಸಸಿಗಳ ಗುರುತು ಹಿಡಿದರೆ ಅಪ್ಪಟ ತಾರೂತ್! ಮಿಶ್ರತಳಿಯಲ್ಲ, ಹೊತ್ತು ಹೆತ್ತ ತಾಯಿಯ ಕುರುಹೇ ಅವುಗಳಲ್ಲಿಲ್ಲ. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು: ಬಾಡಿಗೆ ತಾಯಿಯ ಒಡಲಲ್ಲಿ ಬೆಳೆದ ಮರ. ಪ್ರಾಣಿಗಳಲ್ಲಿ ಕೊರ್ಬಿಕ್ಯುಲಾ ಎಂಬ ಸಿಹಿನೀರಿನ ಚಿಪ್ಪುಜೀವಿಯಂಥ ಕೆಲವು ಹೀಗೆ ತಂದೆಯೊಬ್ಬನ ವಂಶವಾಹಿಗಳಿಂದಲೇ ಹುಟ್ಟುವುದುಂಟು. ಮರವೊಂದು ಹೀಗೆ ಮಾಡುತ್ತದೆಂದು ಆಗಲೇ ತಿಳಿದದ್ದು. ಯೋಚಿಸಿ ನೋಡಿ. ಕುಲದಲ್ಲಿ ಉಳಿದವು 233 ಮರ, ನಡುವೆ ಕಲ್ಲು ಮರಳಿನ ಹರವು. ಹತ್ತಿರದಲ್ಲಿ ಸ್ವಂತ ಕುಲದ ತಾಯಿ ಇಲ್ಲದಿದ್ದರೂ ಪರಕುಲದ ಒಡಲನ್ನು ಕಡ ತಂದು ವಂಶ ಬೆಳೆಸಬಲ್ಲ ಮರ! ಅಳಿವಿನಂಚಿನ ಈ ಕುಲವನ್ನು ಉಳಿಸಲು ಪ್ರಕೃತಿಯೇ ಇಟ್ಟ ಹಾದಿಯಿದು ಎಂಬ ಆಸೆಯನ್ನು ಆ ಸಂಶೋಧನೆ ಹುಟ್ಟಿಸಿತು. ಇದಕ್ಕೆ ಬೆಲೆಯೂ ಇದೆ, ಅದನ್ನು ಮರೆಮಾಚಬಾರದು. ತಾಯಿಯ ವಂಶವಾಹಿ ಬೆರೆಯದಿದ್ದರೆ ಹೊಸತನ ಹುಟ್ಟುವ ದಾರಿ ಕಿರಿದಾಗುತ್ತದೆ. ಹೊಸ ರೋಗ ಬಂದರೆ, ನೆಲದಡಿಯ ನೀರು ಇನ್ನೂ ಆಳಕ್ಕಿಳಿದರೆ ಎದುರಿಸಲು ಬಗೆಬಗೆಯ ಮಕ್ಕಳು ಬೇಕಲ್ಲ.

ತಾರೂತ್ ಒಂಟಿ ವಿಚಿತ್ರವಲ್ಲ. ಅದರ ಮನೆತನದ ಹೆಸರು ಕ್ಯುಪ್ರೆಸೇಸೀ, ಸೈಪ್ರೆಸ್ ಕುಟುಂಬ. ಪದವಿ ತರಗತಿಯಲ್ಲಿ ಸೈಕಸ್, ಪೈನಸ್, ನೀಟಮ್ ಓದಿ ಅನಾವೃತ ಬೀಜಿ ಸಸ್ಯಗಳ ಅಧ್ಯಾಯ ಮುಗಿಸಿದವರಿಗೆ ಈ ಕುಟುಂಬದ ಪರಿಚಯ ಅಷ್ಟಾಗಿ ಇರುವುದಿಲ್ಲ. ಅದು ದೊಡ್ಡ ನಷ್ಟ. ಜಗತ್ತಿನ ಅತಿ ಎತ್ತರದ ಮರ ಈ ಮನೆಯದು, ಅತಿ ದೊಡ್ಡ ಗಾತ್ರದ ಮರವೂ ಈ ಮನೆಯದೇ, ಅತಿ ದಪ್ಪ ಬುಡದ ಮರವೂ! ಮೊದಲನೆಯದು ಕ್ಯಾಲಿಫೋರ್ನಿಯಾದ ಕರಾವಳಿ ರೆಡ್‌ವುಡ್, ಎರಡನೆಯದು ಅಲ್ಲಿನ ಸಿಯೆರಾ ನೆವಾಡ ಬೆಟ್ಟಗಳ ದೈತ್ಯ ಸೆಕ್ವೋಯಾ, ಮೂರನೆಯದು ಮೆಕ್ಸಿಕೊದ ಸಾಂತಾ ಮರಿಯಾ ದೆಲ್ ತೂಲೆ ಎಂಬ ಊರಿನ ಚರ್ಚಿನ ಮುಂದಿರುವ ಮಾಂಟೆಜುಮಾ ಸೈಪ್ರೆಸ್. ಆ ಬುಡದ ಅಗಾಧ ಸುತ್ತಳತೆ ನೋಡಿದವರು ಹಲವು ಮರ ಸೇರಿ ಒಂದಾಗಿರಬೇಕು ಎಂದೇ ವಾದಿಸುತ್ತಿದ್ದರು. ಡಿಎನ್‌ಎ ಪರೀಕ್ಷೆ ಹೇಳಿತು: ಒಂದೇ ಮರ.

ತಂದೆಯ ಕಡೆಗಿನ ಒಲವೂ ಈ ಮನೆತನದಲ್ಲಿ ಹಳೆಯದೇ. ನಮ್ಮಲ್ಲಿ ಮೈಟೊಕಾಂಡ್ರಿಯ ತಾಯಿಯಿಂದ ಬರುತ್ತದೆ. ಪೈನ್ ಮರಗಳಲ್ಲೂ ಮೈಟೊಕಾಂಡ್ರಿಯ ತಾಯಿಯದು, ಹಸಿರು ತುಂಬಿದ ಕ್ಲೋರೋಪ್ಲಾಸ್ಟ್ ಮಾತ್ರ ತಂದೆಯದು. ರೆಡ್‌ವುಡ್‌ನಲ್ಲಿ ಎರಡೂ ತಂದೆಯಿಂದಲೇ ಬರುತ್ತವೆ ಎಂದು 1989ರಲ್ಲಿ ಡೇವಿಡ್ ನೀಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮೂರು ದಶಕ ಕಳೆದ ಮೇಲೆ ಅದೇ ನೀಲ್ ಅವರ ತಂಡ ರೆಡ್‌ವುಡ್‌ನ ಇಡೀ ಜೀನೋಮನ್ನು ಓದಿ ಮುಗಿಸಿತು. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರ. ರೆಡ್‌ವುಡ್‌ನಲ್ಲಿ 2,650 ಕೋಟಿ! ನಮ್ಮಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಗಳಿದ್ದರೆ ಅದರಲ್ಲಿ ಆರು. ಅದರ ಹತ್ತಿರದ ನೆಂಟ ದೈತ್ಯ ಸೆಕ್ವೋಯಾಕ್ಕೆ ಎರಡೇ ಪ್ರತಿ ಸಾಕಾಗಿದೆ.

ಈ ಮನೆತನ ಎಷ್ಟು ಹಳೆಯದು? ಭೂಮಿಯ ನೆಲವೆಲ್ಲ ಪಾಂಜಿಯಾ ಎಂಬ ಒಂದೇ ಖಂಡವಾಗಿದ್ದ ಟ್ರಯಾಸಿಕ್ ಯುಗದಷ್ಟು. 2012ರಲ್ಲಿ ಕಾಂಗ್‌ಶಾನ್ ಮಾವೊ ಮತ್ತು ಸಂಗಡಿಗರು ಈ ಕುಟುಂಬದ 32 ಕುಲಗಳನ್ನೂ ಬಿಡದೆ, 162 ಪ್ರಭೇದಗಳಲ್ಲಿ 122ರ ಡಿಎನ್‌ಎ ಹೋಲಿಸಿ ವಂಶವೃಕ್ಷ ಬರೆದರು. ಉತ್ತರದ ಸೈಪ್ರೆಸ್‌ಗಳೂ ದಕ್ಷಿಣದ ಸೈಪ್ರೆಸ್‌ಗಳೂ ಕವಲೊಡೆದದ್ದು ಸುಮಾರು 15.3 ಕೋಟಿ ವರ್ಷಗಳ ಹಿಂದೆ. ಉತ್ತರದ ಲಾರೇಸಿಯಾ, ದಕ್ಷಿಣದ ಗೊಂಡ್ವಾನ ಬೇರೆಯಾಗುತ್ತಿದ್ದ ಕಾಲವೂ ಅದೇ! ನೆಲ ಪಾಲಾದಾಗ ಮನೆತನವೂ ಪಾಲಾಯಿತು. ಆಸ್ಟ್ರೇಲಿಯಾ, ಆಫ್ರಿಕಾದ ತುದಿ, ಚಿಲಿ, ನ್ಯೂಗಿನಿಗಳಲ್ಲಿ ಇಂದು ಒಬ್ಬರನ್ನೊಬ್ಬರು ಕಾಣದೆ ಬೆಳೆಯುವ ಮರಗಳು ದಾಯಾದಿಗಳು. ನ್ಯೂಗಿನಿಯಲ್ಲಿ ಮತ್ತು ಅದರ ಆಸುಪಾಸಿನ ದ್ವೀಪಗಳಲ್ಲಿ ಮಾತ್ರ ಉಳಿದಿರುವ ಪಪುವಾಸಿಡ್ರಸ್ ಎಂಬ ಮರದ 5.2 ಕೋಟಿ ವರ್ಷ ಹಳೆಯ ಪಳೆಯುಳಿಕೆ ಸಿಕ್ಕಿದ್ದು ಎಲ್ಲಿ ಗೊತ್ತೆ? ಅರ್ಜೆಂಟೀನಾದ ಪೆಟಗೋನಿಯಾದಲ್ಲಿ.

ಪಳೆಯುಳಿಕೆ ಎಂದ ಮೇಲೆ ಮೆಟಾಸೆಕ್ವೋಯಾದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಇಷ್ಟು ಸೊಗಸಾದ ಕಥೆಯನ್ನು ಯಾವ ಕಾದಂಬರಿಕಾರರೂ ಧೈರ್ಯವಾಗಿ ಕಟ್ಟಲಾರರು.

ಜಪಾನಿನ ಪಳೆಯುಳಿಕೆ ತಜ್ಞ ಶಿಗೇರು ಮಿಕಿ ಜೇಡಿಮಣ್ಣಿನ ಪದರಗಳಿಂದ ಹೊರಟ ಎಲೆ, ಶಂಕುಗಳನ್ನು ನೋಡುತ್ತಿದ್ದರು. ಅವುಗಳನ್ನು ಅದುವರೆಗೆ ರೆಡ್‌ವುಡ್ ಎಂದೋ ಜೌಗು ಸೈಪ್ರೆಸ್ ಎಂದೋ ಗುರುತಿಸಿ ಇಟ್ಟಿದ್ದರು. ಮಿಕಿಯವರ ಕಣ್ಣು ಒಂದು ಸಣ್ಣ ಸಂಗತಿಯ ಮೇಲೆ ನಿಂತಿತು. ರೆಡ್‌ವುಡ್‌ನ ಎಲೆಗಳು ಕಡ್ಡಿಯ ಸುತ್ತ ಸುರುಳಿಯಾಗಿ ಒಂದಾದ ಮೇಲೊಂದು ಹುಟ್ಟುತ್ತವೆ. ಈ ಪಳೆಯುಳಿಕೆಯಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿವೆ. ಶಂಕುವಿನ ಹಲ್ಲೆಗಳೂ ಹಾಗೆಯೇ. ಅಷ್ಟರಿಂದಲೇ ಇದು ಬೇರೆ ಕುಲ ಎಂದು ತೀರ್ಮಾನಿಸಿ 1941ರಲ್ಲಿ ಮೆಟಾಸೆಕ್ವೋಯಾ ಎಂದು ಹೆಸರಿಟ್ಟರು. ಕಾಲಗರ್ಭ ಸೇರಿದ ಮರಕ್ಕೆ ಒಂದು ಹೆಸರು, ಅಷ್ಟೆಂದೇ ಆಗ ಎಲ್ಲರೂ ತಿಳಿದದ್ದು.

ಅದೇ 1941ರ ಚಳಿಗಾಲ! ಚೀನಾ ಯುದ್ಧದಲ್ಲಿ ಬೇಯುತ್ತಿತ್ತು. ಹೂಬೇ ಮತ್ತು ಸಿಚುವಾನ್ ಪ್ರಾಂತಗಳ ಗಡಿಯ ಬೆಟ್ಟಗಳಲ್ಲಿ ಮೋದಾವೊ ಎಂಬ ಹಳ್ಳಿಯ ಮೂಲಕ ಹಾದುಹೋಗುತ್ತಿದ್ದ ಅರಣ್ಯಶಾಸ್ತ್ರದ ಪ್ರಾಧ್ಯಾಪಕ ಗಾನ್ ದುವೊ ಒಂದು ದೊಡ್ಡ ಮರವನ್ನು ಕಂಡರು. ಎಲೆಯೆಲ್ಲ ಉದುರಿತ್ತು. ಅದರ ಬುಡದಲ್ಲಿ ಒಂದು ಪುಟ್ಟ ಗುಡಿ. ಹಳ್ಳಿಯವರು ಮರವನ್ನು ಶುಯಿಶಾ ಎನ್ನುತ್ತಿದ್ದರು, ಪೂಜಿಸುತ್ತಿದ್ದರು. 1943ರಲ್ಲಿ ವಾಂಗ್ ಜಾನ್ ಎಂಬ ಅರಣ್ಯಾಧಿಕಾರಿ ಅಲ್ಲಿಗೆ ಹೋಗಿ ಕಡ್ಡಿ, ಶಂಕುಗಳನ್ನು ತಂದರು. ಇದು ಚೀನಾದ ಜೌಗು ಪೈನ್ ಇರಬೇಕು ಎಂದುಕೊಂಡರು. ಮಾದರಿಗಳು ಕೈಯಿಂದ ಕೈಗೆ ದಾಟಿ ಝೆಂಗ್ ವಾನ್‌ಜುನ್ ಅವರ ಮೇಜಿಗೆ ಬಂದವು. ಇದು ಯಾವ ತಿಳಿದ ಮರವೂ ಅಲ್ಲ ಎಂದು ಅವರಿಗೆ ಹೊಳೆಯಿತು. 1946ರಲ್ಲಿ ಶ್ವೆ ಜಿರು ಎಂಬ ವಿದ್ಯಾರ್ಥಿಯನ್ನು ಎರಡು ಸಲ ಆ ಬೆಟ್ಟಗಳಿಗೆ ಕಳಿಸಿ ಹೂ, ಶಂಕು, ಎಲೆಗಳನ್ನು ತರಿಸಿದರು. ಆ ಮಾದರಿಗಳು ಬೀಜಿಂಗ್‌ನ ಹೂ ಶಿಯನ್‌ಸು ಅವರಿಗೆ ತಲುಪಿದವು. ಎದುರುಬದುರು ಎಲೆ, ಎದುರುಬದುರು ಹಲ್ಲೆ. ಹೂ ಅವರಿಗೆ ಮಿಕಿಯವರ ಲೇಖನ ನೆನಪಾಯಿತು. ಐದು ವರ್ಷ ಹಿಂದೆ ಪಳೆಯುಳಿಕೆಗೆ ಇಟ್ಟ ಹೆಸರಿನ ಮರ ಉಸಿರಾಡುತ್ತ ನಿಂತಿದೆ!

ಶತ್ರುದೇಶಗಳಾಗಿ ಕಾದಾಡಿದ ಎರಡು ನಾಡುಗಳ ಇಬ್ಬರು ವಿಜ್ಞಾನಿಗಳು, ಒಬ್ಬರು ಸತ್ತ ಎಲೆಯಲ್ಲಿ ಕಂಡದ್ದನ್ನು ಇನ್ನೊಬ್ಬರು ಜೀವಂತ ಎಲೆಯಲ್ಲಿ ಗುರುತಿಸಿದರು. 1948ರಲ್ಲಿ ಹೂ ಮತ್ತು ಝೆಂಗ್ ಜಂಟಿಯಾಗಿ ಮರದ ವಿವರ ಪ್ರಕಟಿಸಿದರು. ಅಷ್ಟರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಅರ್ಬೊರೇಟಮ್‌ನ ಎಲ್ಮರ್ ಮೆರಿಲ್ 250 ಡಾಲರ್ ಕಳಿಸಿ ಬೀಜ ಕೂಡಿಸುವ ವ್ಯವಸ್ಥೆ ಮಾಡಿದ್ದರು. 1948ರ ಜನವರಿಯಲ್ಲಿ ಬೀಜ ಅಮೆರಿಕ ತಲುಪಿತು, ಅಲ್ಲಿಂದ ಜಗತ್ತಿನ ಸಸ್ಯೋದ್ಯಾನಗಳಿಗೆ ಹಂಚಿಹೋಯಿತು. ಬರ್ಕ್ಲಿಯ ಪಳೆಯುಳಿಕೆ ತಜ್ಞ ರಾಲ್ಫ್ ಚೇನಿ ಜೀವಮಾನವಿಡೀ ಕಲ್ಲಿನಲ್ಲಿ ಕಂಡ ಮರವನ್ನು ಕಣ್ಣಾರೆ ನೋಡಬೇಕೆಂದು ಅದೇ ವರ್ಷ ಪತ್ರಕರ್ತ ಮಿಲ್ಟನ್ ಸಿಲ್ವರ್‌ಮನ್ ಜೊತೆ ಹೊರಟು ಬೆಟ್ಟದ ಹಾದಿಯಲ್ಲಿ ನಡೆದೇ ಮೋದಾವೊ ತಲುಪಿದರು. 250 ಡಾಲರಿಗೆ ವಿಜ್ಞಾನ ಇದಕ್ಕಿಂತ ದೊಡ್ಡ ಕೊಡುಗೆ ಪಡೆದದ್ದು ನನಗೆ ತಿಳಿದಿಲ್ಲ. ಗುಡಿ ಕಟ್ಟಿ ಆ ಮರವನ್ನು ಕಾಯ್ದ ಹಳ್ಳಿಗರ ಋಣವಂತೂ ತೀರುವಂಥದ್ದಲ್ಲ.

ಇದೇ ಮೆಟಾಸೆಕ್ವೋಯಾ ಒಂದು ಕಾಲಕ್ಕೆ ಉತ್ತರ ಧ್ರುವದ ಹತ್ತಿರ ಕಾಡಾಗಿ ಬೆಳೆದಿತ್ತು. ಕೆನಡಾದ ಆರ್ಕ್ಟಿಕ್ ವಲಯದ ಆಕ್ಸೆಲ್ ಹೈಬರ್ಗ್ ದ್ವೀಪ ಇಂದು ಮರವೇ ಇಲ್ಲದ ಹಿಮದ ನೆಲ. 1985ರಲ್ಲಿ ಅಲ್ಲಿ ಹಾರುತ್ತಿದ್ದ ಹೆಲಿಕಾಪ್ಟರ್ ಚಾಲಕರೊಬ್ಬರಿಗೆ ಮರದ ಬೊಡ್ಡೆಗಳು ಕಂಡವು. ಸುಮಾರು 4.5 ಕೋಟಿ ವರ್ಷ ಹಳೆಯ ಕಾಡದು! ಆ ಬೊಡ್ಡೆಗಳು ಕಲ್ಲಾಗಿಲ್ಲ. ಗರಗಸದಿಂದ ಕೊಯ್ಯಬಹುದು, ಬೆಂಕಿ ಹಚ್ಚಿದರೆ ಉರಿಯುತ್ತವೆ. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಕತ್ತಲು. ಮೆಟಾಸೆಕ್ವೋಯಾ ಎಲೆ ಉದುರಿಸುವುದೇ ಅದಕ್ಕೆ, ಕತ್ತಲಲ್ಲಿ ಎಲೆ ಇಟ್ಟುಕೊಂಡರೆ ಉಸಿರಾಟದಲ್ಲೇ ಸಕ್ಕರೆ ಖರ್ಚಾಗಿಬಿಡುತ್ತದೆ ಎಂದು ಪುಸ್ತಕಗಳು ಬಹುಕಾಲ ಹೇಳಿದವು. ಕೇಳಲು ಎಷ್ಟು ಸರಿಯಾಗಿದೆ! ಡಾನಾ ರಾಯರ್, ಕಾಲಿನ್ ಆಸ್ಬರ್ನ್, ಡೇವಿಡ್ ಬೀರ್ಲಿಂಗ್ ಇದನ್ನು ಪರೀಕ್ಷೆಗೆ ಒಡ್ಡಿದರು. ಧ್ರುವದ ಬೆಳಕು ಕತ್ತಲನ್ನೂ ಅಂದಿನ ಹೆಚ್ಚಿನ ಇಂಗಾಲದ ಡೈಆಕ್ಸೈಡನ್ನೂ ಕೃತಕವಾಗಿ ಒದಗಿಸಿ ಗಾಜಿನಮನೆಯಲ್ಲಿ ಸಸಿ ಬೆಳೆಸಿದರು. 2003ರಲ್ಲಿ ಬಂದ ಫಲಿತಾಂಶ ತಿರುವುಮುರುವು: ಕತ್ತಲಲ್ಲಿ ಎಲೆಯನ್ನು ಸಾಕುವ ಖರ್ಚಿಗಿಂತ ವರ್ಷವರ್ಷ ಎಲ್ಲ ಎಲೆಯನ್ನೂ ಚೆಲ್ಲಿ ಹೊಸದಾಗಿ ಕಟ್ಟುವ ಖರ್ಚೇ ಎಷ್ಟೋ ಹೆಚ್ಚು. ಹಾಗಿದ್ದರೂ ಆ ಕಾಡುಗಳನ್ನು ಎಲೆ ಉದುರಿಸುವ ಮರಗಳೇ ಆಳಿದವು. ಯಾಕೆ ಎಂಬ ಪ್ರಶ್ನೆ ಮತ್ತೆ ಹೊಸದಾಗಿ ತೆರೆದುಕೊಂಡಿತು.

ಇನ್ನು ನೀರಿನ ವಿಷಯ. ಮರದೊಳಗೆ ನೀರು ಏರುವುದು ಮೇಲಿನಿಂದ ಎಳೆದಾಗ. ಎಲೆಯಿಂದ ಆವಿಯಾದಷ್ಟೂ ಬೇರಿನವರೆಗಿನ ನೀರಿನ ಎಳೆ ಬಿಗಿಯುತ್ತದೆ. ಬಿಗಿತ ಮಿತಿಮೀರಿದರೆ ಗಾಳಿಗುಳ್ಳೆ ನುಗ್ಗಿ ಎಳೆ ತುಂಡಾಗುತ್ತದೆ, ಕೊಂಬೆ ಒಣಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೆಳೆಯುವ ಕ್ಯಾಲಿಟ್ರಿಸ್ ಟ್ಯೂಬರ್ಕ್ಯುಲೇಟ ಎಂಬ ಸೈಪ್ರೆಸ್ ಬಂಧು ಎಷ್ಟು ಬಿಗಿತ ತಾಳುತ್ತದೆಂದು ಮ್ಯಾಕ್ಸಿಮಿಲಿಯನ್ ಲಾರ್ಟರ್ ಮತ್ತು ಸಂಗಡಿಗರು 2015ರಲ್ಲಿ ಅಳೆದರು. ಅದರ ನೀರ್ಗೊಳವೆಗಳು ಅರ್ಧದಷ್ಟು ಕೈಕೊಡುವುದು 18.8 ಮೆಗಾಪಾಸ್ಕಲ್ ಎಳೆತದಲ್ಲಿ, ಎಂದರೆ ವಾತಾವರಣದ ಒತ್ತಡದ ಸುಮಾರು 185 ಪಟ್ಟು! ಅಲ್ಲಿಯವರೆಗೆ ಯಾವ ಮರದಲ್ಲೂ ಇಷ್ಟು ಕಂಡಿರಲಿಲ್ಲ. ಮನೆತನದ ಹಳೆಯ ಕವಲುಗಳಾದ ಜೌಗು ಸೈಪ್ರೆಸ್, ಮೆಟಾಸೆಕ್ವೋಯಾಗಳದ್ದು ಒದ್ದೆ ನೆಲದ ಬಾಳು. ಅವಕ್ಕೆ ಇಂಥ ಗಟ್ಟಿತನ ಇಲ್ಲ. ಕಳೆದ ಕೆಲವು ಕೋಟಿ ವರ್ಷಗಳಲ್ಲಿ ಭೂಮಿ ಒಣಗುತ್ತ ಬಂದಂತೆ ಕಿರಿಯ ಕವಲುಗಳು ನೀರ್ಗೊಳವೆಯನ್ನು ಗಟ್ಟಿ ಮಾಡಿಕೊಂಡು ಮರುಭೂಮಿಗೆ ಇಳಿದವು, ಬೆಟ್ಟ ಹತ್ತಿದವು ಎಂದು ಜರ್ಮಿಲಾ ಪಿಟರ್‌ಮನ್ ಅವರ 2012ರ ಅಧ್ಯಯನ ತೋರಿಸುತ್ತದೆ. ದಕ್ಷಿಣ ಟಿಬೆಟ್‌ನಲ್ಲಿ ಜುನಿಪರ್ ಮರಗಳು 4,900 ಮೀಟರ್ ಎತ್ತರದಲ್ಲಿ ಬೆಳೆದಿವೆ. ಉತ್ತರ ಗೋಳಾರ್ಧದಲ್ಲಿ ಅದಕ್ಕಿಂತ ಮೇಲೆ ಮರಗಳ ಸಾಲು ಕಂಡಿಲ್ಲ.

ಎತ್ತರ ಎಂದರೆ ರೆಡ್‌ವುಡ್. 2006ರಲ್ಲಿ ಕ್ರಿಸ್ ಅಟ್ಕಿನ್ಸ್ ಮತ್ತು ಮೈಕೆಲ್ ಟೇಲರ್ ಪತ್ತೆಹಚ್ಚಿದ ಹೈಪೀರಿಯನ್ ಎಂಬ ಮರದ ತುದಿಗೇರಿ ಸ್ಟೀವ್ ಸಿಲೆಟ್ ಟೇಪು ಇಳಿಬಿಟ್ಟು ಅಳೆದಾಗ ಸಿಕ್ಕಿದ್ದು 115.55 ಮೀಟರ್. ಮರವೊಂದು ಇನ್ನೆಷ್ಟು ಬೆಳೆಯಬಹುದು? ಜಾರ್ಜ್ ಕಾಕ್ ಮತ್ತು ಸಿಲೆಟ್ ಅವರ ತಂಡ ಅದಕ್ಕೂ ಎರಡು ವರ್ಷ ಮೊದಲೇ ಲೆಕ್ಕ ಹಾಕಿತ್ತು: 122ರಿಂದ 130 ಮೀಟರ್. ಅಲ್ಲಿಂದಾಚೆ ಗುರುತ್ವವೂ ಕೊಳವೆಯ ತಿಕ್ಕಾಟವೂ ಸೇರಿ ಎಲೆಗೆ ನೀರೇ ಸಿಗದು. ತುದಿಯ ಎಲೆಗಳು ಈಗಲೇ ಬಾಯಾರಿ ಕುಗ್ಗಿ ಚಿಕ್ಕವಾಗಿವೆ. ಹೀಗಿದ್ದೂ ಆ ಎತ್ತರದಲ್ಲಿ ಮರ ಬದುಕುವುದಕ್ಕೆ ಇನ್ನೊಂದು ದಾರಿಯಿದೆ. ಪೆಸಿಫಿಕ್ ಸಾಗರದಿಂದ ಮಂಜು ಬರುತ್ತದೆ. ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಮೂರನೇ ಒಂದು ಪಾಲು ಎಲೆಗಳಿಂದ ತೊಟ್ಟಿಕ್ಕುವ ಮಂಜಿನದೇ ಎಂದು ಟಾಡ್ ಡಾಸನ್ 1998ರಲ್ಲಿ ಲೆಕ್ಕ ಕೊಟ್ಟರು. ಆಮೇಲೆ ತಿಳಿಯಿತು, ಎಲೆ ಮಂಜನ್ನು ನೇರವಾಗಿಯೇ ಕುಡಿಯುತ್ತದೆ! 2022ರಲ್ಲಿ ಅಲಾನಾ ಚಿನ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೆಡ್‌ವುಡ್‌ನಲ್ಲಿ ಎರಡು ಬಗೆಯ ಎಲೆಗಳಿವೆ. ಅಡುಗೆಯ ಕೆಲಸ, ಅಂದರೆ ದ್ಯುತಿಸಂಶ್ಲೇಷಣೆ, ಬಹುಪಾಲು ಒಂದು ಬಗೆಯದು. ಇನ್ನೊಂದು ಬಗೆ ಸಕ್ಕರೆ ಮಾಡುವುದು ತೀರಾ ಕಡಿಮೆ, ಅದರ ಕೆಲಸ ನೀರು ಹೀರುವುದು. ಒದ್ದೆಯಾದ ಮೊದಲ ಒಂದು ಗಂಟೆಯಲ್ಲಿ ದೊಡ್ಡ ಮರವೊಂದು ಎಲೆಗಳಿಂದಲೇ ಸುಮಾರು 50 ಲೀಟರ್ ನೀರು ಕುಡಿಯಬಲ್ಲದು! ಮಳೆ ಹೆಚ್ಚಿರುವ ಉತ್ತರದ ಕಾಡುಗಳಲ್ಲಿ ಈ ಹೀರುವ ಎಲೆಗಳು ಕೆಳಕೊಂಬೆಗಳಲ್ಲಿವೆ, ಒಣ ದಕ್ಷಿಣದಲ್ಲಿ ಮೇಲಕ್ಕೇರಿವೆ. ಶತಮಾನಗಳಿಂದ ಮನುಷ್ಯರು ತಲೆ ಎತ್ತಿ ನೋಡುತ್ತಲೇ ಇದ್ದ ಮರ ಇದು. ಅದರ ಎಲೆಗಳು ಕೆಲಸ ಹಂಚಿಕೊಂಡ ಪರಿ ನಮ್ಮ ಕಣ್ಣೆದುರಿಗಿನ ಕಾಲದಲ್ಲಿ ತಿಳಿಯಿತು ಎಂದರೆ ಮೈ ಜುಮ್ಮೆನ್ನುವುದಿಲ್ಲವೆ?

2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್ ಕಾಡನ್ನು ನುಂಗಿತು. ಸಾವಿರ ವರ್ಷದ ರೆಡ್‌ವುಡ್‌ಗಳು ಒಂದು ಹಸಿರೆಲೆಯೂ ಇಲ್ಲದೆ ಕರಿ ಕಂಬಗಳಾದವು. ತಿಂಗಳುಗಳಲ್ಲಿ ಕರಿಕಾಂಡದ ಮೈತುಂಬ ಚಿಗುರು! ಎಲೆಯೇ ಇಲ್ಲದ ಮರಕ್ಕೆ ಚಿಗುರಿಸುವ ಸಕ್ಕರೆ ಎಲ್ಲಿಂದ ಬಂತು? ಡ್ರೂ ಪೆಲ್ಟಿಯರ್ ಮತ್ತು ಸಂಗಡಿಗರು ಬುಡದ ಕೆಲವು ಭಾಗಗಳಿಗೆ ಕರಿ ಪ್ಲಾಸ್ಟಿಕ್ ಹೊದಿಸಿ, ಬೆಳಕು ತಾಗದ ಚಿಗುರಿನ ಇಂಗಾಲದ ವಯಸ್ಸು ಅಳೆದರು. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಬಿಟ್ಟುಹೋದ ವಿಕಿರಣ ಇಂಗಾಲವೇ ಈ ವಯಸ್ಸಿನ ಅಳತೆಗೋಲು. ದಶಕಗಳ ಹಿಂದೆ ಬಿಸಿಲಲ್ಲಿ ಮಾಡಿ ಕೂಡಿಟ್ಟ ಸಕ್ಕರೆಯನ್ನು ಮರ ಈಗ ತೆಗೆದು ಬಳಸಿತ್ತು. ಅದರಲ್ಲಿ ಒಂದಿಷ್ಟು ಅರ್ಧ ಶತಮಾನಕ್ಕೂ ಹಳೆಯದಾಗಿತ್ತು. ಚಿಗುರೊಡೆದ ಮೊಗ್ಗುಗಳಂತೂ ತೊಗಟೆಯಡಿ ಶತಮಾನಗಳಿಂದ ಸುಮ್ಮನೆ ಕಾದಿದ್ದವು.

ದೈತ್ಯ ಸೆಕ್ವೋಯಾಕ್ಕೆ ಈ ಭಾಗ್ಯವಿಲ್ಲ. ಅದು ಬೆಂಕಿಯನ್ನು ನಂಬಿಯೇ ಬಾಳುವ ಮರ, ನಿಜ. ಅದರ ಶಂಕುಗಳು ಇಪ್ಪತ್ತು ವರ್ಷದವರೆಗೂ ಬಾಯಿ ಮುಚ್ಚಿಕೊಂಡೇ ಇರುತ್ತವೆ. ಕೆಳಗೆ ಬೆಂಕಿ ಹಾದಾಗ ಬಿಸಿಗೆ ಒಣಗಿ ಬಿರಿದು ಬೂದಿಯ ಮೇಲೆ ಬೀಜ ಸುರಿಸುತ್ತವೆ. 1960ರ ದಶಕದಲ್ಲಿ ರಿಚರ್ಡ್ ಹಾರ್ಟೆಸ್‌ವೆಲ್ಟ್ ಇದನ್ನು ತೋರಿಸಿಕೊಟ್ಟ ಮೇಲೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ಬೇಕೆಂದೇ ಸಣ್ಣ ಬೆಂಕಿ ಹಾಕಲು ಶುರುಮಾಡಿದವು. ಆದರೆ ಅದಕ್ಕೂ ಮೊದಲು ನೂರು ವರ್ಷ ಬೆಂಕಿಯನ್ನು ತಡೆದು ಕೂಡಿಹಾಕಿದ ಒಣಸೌದೆ, ಜೊತೆಗೆ ಕಾದ ಹವೆ. 2020 ಮತ್ತು 2021ರ ಬೆಂಕಿಗಳಲ್ಲಿ ಜಗತ್ತಿನ ದೊಡ್ಡ ಸೆಕ್ವೋಯಾಗಳಲ್ಲಿ ಶೇಕಡ 13ರಿಂದ 19ರಷ್ಟು ಸತ್ತವು. ಸಾವಿರಾರು ಬೆಂಕಿ ಕಂಡು ಬದುಕಿದ ಕುಲ! ಈ ಸಾಲು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ನಮ್ಮ ದೇಶದ ಪಾಲೂ ಈ ವಿಜ್ಞಾನದಲ್ಲಿದೆ. ಹಿಮಾಚಲದ ಲಾಹೌಲ್ ಕಣಿವೆಯ ಜುನಿಪರ್ ಮರಗಳ ಉಂಗುರಗಳನ್ನು ಲಖನೌದ ಬೀರ್‌ಬಲ್ ಸಾಹ್ನಿ ಸಂಸ್ಥೆಯ ರಾಮ್ ಯಾದವ್ ಮತ್ತು ಸಂಗಡಿಗರು ಸಾಲಾಗಿ ಜೋಡಿಸಿ 1,500 ವರ್ಷಕ್ಕೂ ಹಿಂದಿನವರೆಗೆ ವರ್ಷವರ್ಷದ ದಾಖಲೆ ಕಟ್ಟಿದರು. ಅದು ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಬಾದಾಮಿಯಲ್ಲಿ ಚಾಲುಕ್ಯರು ಗುಹೆ ಕೊರೆಯುವ ಮೊದಲೇ ಆ ದಾಖಲೆ ಶುರುವಾಗಿದೆ!

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಈ ಕುಟುಂಬದ ಮರ ಸಹಜವಾಗಿ ಬೆಳೆದಿಲ್ಲ. ಊಟಿಯಲ್ಲಿ, ಲಾಲ್‌ಬಾಗಿನಲ್ಲಿ ಇರುವುದೆಲ್ಲ ಹೊರಗಿನಿಂದ ತಂದು ನೆಟ್ಟವು. ಆದರೂ ಕರ್ನಾಟಕದ ಶಾಲೆಯಂಗಳ, ಪಾರ್ಕು, ಬ್ಯಾಂಕು, ಮನೆಯ ಕಾಂಪೌಂಡುಗಳಲ್ಲಿ ಈ ಮನೆತನದ ಒಂದು ಗಿಡ ನಿಂತೇ ಇರುತ್ತದೆ: ಬೀಸಣಿಗೆಯಂತೆ ಚಪ್ಪಟೆ ಎಲೆಯ, ನರ್ಸರಿಯವರು ಥೂಜಾ ಎಂದು ಮಾರುವ ಗಿಡ. ಚಳಿ ಬಿಡುವ ಹೊತ್ತಿಗೆ, ಬಿಸಿಲೇರುವ ಮೊದಲು, ಒಂದು ಭೂತಗನ್ನಡಿ ಹಿಡಿದು ಅದರ ಎಲೆತುದಿಗಳನ್ನು ಹುಡುಕಿ. ಎಳೆಯ ಹೆಣ್ಣು ಶಂಕು ಸಿಕ್ಕರೆ ಅದರ ಅಂಡಕಗಳ ಬಾಯಲ್ಲಿ ಹೊಳೆಯುವ ಪುಟ್ಟ ಹನಿಗಳಿರುತ್ತವೆ. ಅದು ಇಬ್ಬನಿಯಲ್ಲ, ಗಿಡವೇ ಹೊರಹಾಕಿದ ದ್ರವ. ಗಾಳಿಯಲ್ಲಿ ಬಂದ ಪರಾಗ ಆ ಹನಿಗೆ ಅಂಟುತ್ತದೆ, ನೆನೆದು ಉಬ್ಬಿ ತನ್ನ ಹೊರಚಿಪ್ಪನ್ನು ಕಳಚುತ್ತದೆ, ಹನಿಯನ್ನು ಗಿಡ ಒಳಕ್ಕೆಳೆದುಕೊಂಡಾಗ ಅದರೊಂದಿಗೆ ಒಳಹೋಗುತ್ತದೆ. ಕಡ್ಡಿ ಮುರಿಯದೆ, ಗಿಡದಲ್ಲೇ ನೋಡಿ. ಮೇಷ್ಟರಾಗಿದ್ದರೆ ಮಕ್ಕಳನ್ನು ಕರೆದೊಯ್ಯಿರಿ. ಪ್ರಯೋಗಾಲಯ ಬೇಡ, ಹಣವೂ ಬೇಡ, ಒಂದು ಭೂತಗನ್ನಡಿ ಸಾಕು.